ಕತ್ತರಿಸಿದ ಅರ್ತಿಂಗ್ ತಂತಿ

"ಮಾಸ್ತರೇ, ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸುತ್ತ ಏಳೂರಲ್ಲಿ ಗಿಟಾರಿನ ಆಂಪ್ಲಿಫೈಯರ್ ಬಿಚ್ಚಿ ನನ್ನಂತೆ ಸರಿ ಮಾಡುವವನು ಇನ್ನೊಬ್ಬನಿಲ್ಲ. ಹಾಗಿದ್ದೂ ಸರಿ ಮಾಡಿದವನಿಗೆ ಬೈಗುಳ, ಕೆಡಿಸಿದವನಿಗೆ ಹೊಗಳಿಕೆ. ಇದ್ಯಾವ ನ್ಯಾಯ?"

ಕೇಳಿದವನು ಕೆಂಚವೀರ. ಹಳ್ಳಿಯಿಂದ ಬಂದು ಆರು ವರ್ಷ ಹಸನಸಾಬ ಮಾಸ್ತರರ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತವನು. ಅಂದು ಗಿರಾಕಿಯೊಬ್ಬ ಅವನನ್ನು ನಾಲ್ಕು ಜನರ ಮುಂದೆ ಗಮಾರ ಎಂದು ಬೈದು ಹೋಗಿದ್ದ. ಈ ಕಸುಬಿನ ಸಹವಾಸವೇ ಬೇಡ, ಊರಿನ ಬಸ್ಸು ಹತ್ತುತ್ತೇನೆ ಎಂದು ಕೆಂಚವೀರ ಚೀಲ ಕಟ್ಟಿ ಬಾಗಿಲಲ್ಲಿಟ್ಟಿದ್ದ.

ಮಾಸ್ತರರು ಕೂರಲು ಹೇಳಿ ಒಂದು ಕತೆ ತೆಗೆದರು.

ಆರ್ಕೆಸ್ಟ್ರಾದಲ್ಲಿ ಒಬ್ಬ ಗಿಟಾರಿನವನಿದ್ದ. ನುಡಿಸುತ್ತಲೇ ಹಾಡುವವನು. ಅವನ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು. ಪೇಟೆಯ ರಿಪೇರಿಯವನೊಬ್ಬ ಡಬ್ಬಿ ಬಿಚ್ಚಿ, ಒಳಗಿನ, ಶಾಕ್ ತಡೆಯುವ ಅರ್ತಿಂಗ್ ತಂತಿಯನ್ನು ಕಟ್ಟನೆ ಕತ್ತರಿಸಿದ. ಗುಂಯ್ ನಿಂತಿತು. ಇವನೇ ಮಾಂತ್ರಿಕ ಎಂದು ಗಿಟಾರಿನವನು ಊರೆಲ್ಲ ಹೊಗಳಿದ.

ಅಂದಿನಿಂದ ಗಿಟಾರಿನ ತಂತಿ ಹಿಡಿದು ಮೈಕಿಗೆ ಬಾಯಿ ಕೊಟ್ಟರೆ ತುಟಿಗೆ ಚುರ್ ಎಂದು ಶಾಕ್ ಹೊಡೆಯುತ್ತಿತ್ತು. ಅವನು ಮೈಕಿನ ದೋಷ ಎಂದುಕೊಂಡು ಅದಕ್ಕೆ ಕರವಸ್ತ್ರ ಸುತ್ತಿ ಹಾಡತೊಡಗಿದ.

ಮುಂದೊಮ್ಮೆ ಫ್ಯೂಸ್ ಹೋಯಿತು. ಈ ಸಲ ಡಬ್ಬಿ ಓಣಿಯೊಳಗಿನ ಇನ್ನೊಬ್ಬ ರಿಪೇರಿಯವನ ಕೈಗೆ ಬಂತು. ಅವನು ಫ್ಯೂಸ್ ಹಾಕಿದ, ತುಂಡಾದ ತಂತಿ ಕಂಡು ಹೌಹಾರಿದ, ಬೆಸುಗೆ ಹಾಕಿ ಕೂಡಿಸಿಯೇ ಕೊಟ್ಟ. ಗುಂಯ್ ಮರಳಿತು. ಗಿಟಾರಿನವನು ಬೆಂಕಿಯಾಗಿ ಬಂದ.

"ಲೇ, ಅವನು ಎರಡು ನಿಮಿಷದಲ್ಲಿ ನಿಲ್ಲಿಸಿದ್ದನ್ನು ನೀನು ಮತ್ತೆ ಎಬ್ಬಿಸಿದೆಯಲ್ಲೋ. ನೀನು ರೇಡಿಯೋಗೆ ಸೆಲ್ ಹಾಕಲಿಕ್ಕೂ ಲಾಯಕ್ಕಿಲ್ಲ."

"ಸ್ವಾಮಿ, ಆ ಸದ್ದು ಡಬ್ಬಿಯದಲ್ಲ. ನಿಮ್ಮ ಪ್ಲಗ್ಗು ವೇದಿಕೆಯ ಒಂದು ಮೂಲೆಗೆ, ಮೈಕಿನದು ಇನ್ನೊಂದು ಮೂಲೆಗೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ, ಗುಂಯ್ ನಿಲ್ಲುತ್ತದೆ. ಆ ತಂತಿ ಕಿತ್ತರೆ ಒಂದು ದಿನ ನೀವು ಹಾಡುತ್ತಲೇ ಬೀಳುತ್ತೀರಿ."

ಗಿಟಾರಿನವನು ನಕ್ಕು, ಡಬ್ಬಿ ಹೊತ್ತು ಪೇಟೆಯವನಲ್ಲಿಗೇ ಹೋದ. ಅವನು ಮತ್ತೆ ಕತ್ತರಿಸಿದ.

ವಾರದೊಳಗೆ ಮದುವೆಯ ಆರತಕ್ಷತೆಯೊಂದರಲ್ಲಿ ಕಾರ್ಯಕ್ರಮವಿತ್ತು. ಓಣಿಯವನು ಕರೆಯದೆ ಬಂದ. ವಾದ್ಯದವರು ಬರುವ ಮೊದಲೇ ವೇದಿಕೆ ಹತ್ತಿ, ಪ್ಲಗ್ಗು ಕಿತ್ತು, ತಂತಿ ಕೂಡಿಸಿ, ಎಲ್ಲವನ್ನೂ ತನ್ನದೇ ಒಂದು ಬೋರ್ಡಿಗೆ ಹಾಕಿದ. ಅಷ್ಟರಲ್ಲಿ ಗಿಟಾರಿನವನು ನೋಡಿದ. ಹೊಟ್ಟೆಕಿಚ್ಚಿಗೆ ಕೆಡಿಸಲು ಬಂದ ಕಳ್ಳ ಎಂದು ಕತ್ತಿನ ಪಟ್ಟಿ ಹಿಡಿದು ಹೊರಗೆ ದಬ್ಬಿದ. ಪೇಟೆಯವನೂ ಅಲ್ಲೇ ಇದ್ದ. ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದ. ಬಾಯಿ ಬಿಡಲಿಲ್ಲ.

ಹಾಡು ಶುರುವಾಯಿತು. ಗುಂಯ್ ಇಲ್ಲ, ಚುರ್ ಇಲ್ಲ. ಗಿಟಾರಿನವನು ಕರವಸ್ತ್ರ ಬಿಚ್ಚಿ ಎಸೆದು ಮನಸಾರೆ ಹಾಡಿದ. ಕೊನೆಗೆ, ಎಲ್ಲ ಪೇಟೆಯವನದೇ ಕೈಚಳಕವೆಂದು ಅವನನ್ನು ಮೇಲೆ ಕರೆದು ಶಾಲು ಹೊದಿಸಿದ. ಓಣಿಯವನು ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಚಪ್ಪಾಳೆ ಕೇಳಿ ಮನೆಗೆ ಹೋದ.

ಕತೆ ಅಲ್ಲಿಗೆ ನಿಂತಿತು. ಕೆಂಚವೀರನಿಗೆ ಮೈಯೆಲ್ಲ ಉರಿಯಿತು. ಓಣಿಯವನ ಜಾಗದಲ್ಲಿ ತಾನಿದ್ದಿದ್ದರೆ ವೇದಿಕೆಯನ್ನೇ ಮಗುಚಿಬಿಡುತ್ತಿದ್ದೆ ಎಂದ.

"ಆ ಶಾಲು ಹೊದ್ದ ನಾಚಿಕೆಗೇಡಿ ಯಾರು ಮಾಸ್ತರೇ? ಬದುಕಿದ್ದರೆ ಹೇಳಿ, ಆ ತಂತಿಯನ್ನು ಅವನ ಬಾಯಿಗೇ ತುರುಕುತ್ತೇನೆ."

ಮಾಸ್ತರರು ಹೇಳಿದರು:

"ನಾನೇ ಕಣೋ, ಮರುದಿನ ಹೋಗಿ ಓಣಿಯವನ ಕಾಲು ಹಿಡಿದೆ, ಒಂದು ಮಾತೂ ಬೈಯದೆ ಕೆಲಸ ಕಲಿಸಿದ."