ಎರಡನೆಯ ನಾಯಿ

"ಅಜ್ಜನವರೇ, ವಿಷ ಹಾಕಿದವನು ಅದೇ ಬಟ್ಟಲಿನಿಂದ ತಾನೂ ಏಕೆ ಉಂಡ?"

ಮಠದ ಪಡಸಾಲೆಯಿಂದ ಉಳಿದವರೆಲ್ಲ ಎದ್ದು ಹೋದ ಮೇಲೆ ನೀಲಾಂಬಿಕೆ ಹೀಗೆ ಕೇಳಿದಳು. ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಹನ್ನೊಂದು ವರ್ಷದಿಂದ ಮಠದ ಸ್ವಾಮಿಗಳಾದ ಅಜ್ಜನವರಲ್ಲಿ ಪಾಠ ಕೇಳುತ್ತ ಬಂದವಳು. ಪ್ರಶ್ನೆ ಮಾತ್ರ ಅದಕ್ಕಿಂತ ಹಳೆಯದು. ಊರ ಹೊರಗಿನ ನಾಯಿಗುಡಿಯ ಕತೆಯನ್ನು ಅಜ್ಜಿ ಮೊದಲ ಸಲ ಹೇಳಿದಾಗ ಅವಳಿಗೆ ಏಳು ವರ್ಷ. ಅಂದಿನಿಂದ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅವಳ ಮನಸ್ಸಿನಲ್ಲಿ ಉಳಿದುಕೊಂಡಿತ್ತು.

ಅಜ್ಜಿ ಹೇಳಿದ ಕತೆ ಇಷ್ಟು. ಒಬ್ಬ ವರ್ತಕನ ಬಳಿ ನಂಬಿಗಸ್ತ ನಾಯಿಯಿತ್ತು. ಕಳ್ಳರ ಮಾತಿಗೆ ಮರುಳಾದ ಕಾವಲುಗಾರ ಅದರ ಊಟದಲ್ಲಿ ವಿಷ ಬೆರೆಸಿದ. ನಾಯಿ ಸತ್ತಿತು. ತಾನು ನಿರ್ದೋಷಿ ಎಂದು ತೋರಿಸಲು ಕಾವಲುಗಾರ ಎಲ್ಲರೆದುರು ಅದೇ ಬಟ್ಟಲಿನಲ್ಲಿ ಉಳಿದದ್ದನ್ನು ಉಂಡ. ವಿಷ ಇಳಿಸುವ ಮಂತ್ರ ಗೊತ್ತಿದ್ದುದರಿಂದ ಬದುಕಿದ. ವರ್ತಕ ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿದ.

"ಮಂತ್ರವನ್ನು ನಾನು ನಂಬಲಾರೆ," ಎಂದಳು ನೀಲಾಂಬಿಕೆ. "ಮತ್ತೆ ಆ ಕಳ್ಳರು. ಕಾವಲಿನ ನಾಯಿ ಸತ್ತ ಮೇಲೆ ಅವರು ಬರಬೇಕಿತ್ತು. ಕತೆಯಲ್ಲಿ ಅವರು ಬರುವುದೇ ಇಲ್ಲ. ಏಕೆ ಬರಲಿಲ್ಲ ಎಂದು ಕೇಳಿದರೆ ಅಜ್ಜಿ, 'ಸುಮ್ನ ಉಣ್ಣು, ಅನ್ನ ಆರತೈತಿ' ಎಂದುಬಿಟ್ಟಳು."

ಅಜ್ಜನವರು ನಕ್ಕರು. "ನಿಮ್ಮಜ್ಜಿಯ ಕತೆಯಲ್ಲಿ ನಾಯಿ ಎಷ್ಟು, ತಂಗಿ?"

"ಒಂದೇ."

"ಇದ್ದದ್ದು ಎರಡು," ಎಂದರು ಅಜ್ಜನವರು. "ಎರಡನೆಯದನ್ನು ಊರು ಕತೆಯಿಂದ ಬಿಟ್ಟುಬಿಟ್ಟಿತು. ನನ್ನ ಗುರುಗಳು ನನಗೆ ಹೇಳಿದಂತೆ ಹೇಳುತ್ತೇನೆ, ಕೇಳು."

ಒಬ್ಬ ವರ್ತಕನಿದ್ದ. ಒಣದ್ರಾಕ್ಷಿ ಅವನ ವ್ಯಾಪಾರ. ಬೇಸಿಗೆಯಲ್ಲಿ ತೋಟಗಳಿಂದ ಹೊಸ ಮಾಲು ಬರುತ್ತಿತ್ತು. ವರ್ಷವಿಡೀ ಅವನ ಉಗ್ರಾಣದಿಂದ ದೂರದ ಊರುಗಳಿಗೆ ಹೋಗುತ್ತಿತ್ತು. ಆ ಮನೆತನದಲ್ಲಿ ಒಂದು ನಡಾವಳಿಯಿತ್ತು. ಹೊಸ ಮಾಲಿನ ಮೊದಲ ಚೀಲ ಬಿಚ್ಚಿದ ದಿನ ಅದರ ಮೊದಲ ಬೊಗಸೆ ದೇವರ ಮುಂದೆ. ಬಳಿಕ ಆ ಮನೆಯ ಅನ್ನ ಉಣ್ಣುವ ಪ್ರತಿಯೊಂದು ಬಾಯಿಗೂ ಯಜಮಾನನೇ ತನ್ನ ಕೈಯಿಂದ ಪ್ರಸಾದ ಕೊಡಬೇಕು. ಹೆಂಡತಿಗೆ, ಮಕ್ಕಳಿಗೆ, ಹಮಾಲರಿಗೆ, ಕಾವಲುಗಾರನಿಗೆ. ಉಗ್ರಾಣದ ನಾಯಿಯೂ ಆ ಮನೆಯ ಅನ್ನ ಉಣ್ಣುವ ಬಾಯಿಯೇ ಆದ್ದರಿಂದ ಅದಕ್ಕೂ ಅಂಗೈಯಲ್ಲಿ ನಾಲ್ಕು ಕಾಳು.

ನಾಯಿಯ ದಿನದ ಊಟ ಕಾವಲುಗಾರನ ಪಾಲಿನ ಕೆಲಸ. ಅವನು ಜೋಳದ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಹಾಕುತ್ತಿದ್ದ. ವಾರಕ್ಕೊಮ್ಮೆ ತನ್ನ ಮನೆಯಿಂದ ಒಂದು ಮೊಟ್ಟೆ ತಂದು ಉಗ್ರಾಣದ ಹಿಂದೆ ಕೊಡುತ್ತಿದ್ದ. ವರ್ತಕನ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿರಲಿಲ್ಲ. ವರ್ತಕನಿಗೆ ಇದು ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ. ನಾಯಿಯ ಮೈ ಹೊಳೆಯುತ್ತಿತ್ತು.

ಒಂದು ವರ್ಷ ಹೊಸ ಮಾಲು ಬರುವ ಹಿಂದಿನ ದಿನ ಕಾವಲುಗಾರ ತಲೆ ತುರಿಸಿಕೊಂಡು ಬಾಗಿಲಲ್ಲಿ ನಿಂತ.

"ಸಾಹುಕಾರ್ರ, ಈ ಸಲ ನಾಯಿಗೆ ಪ್ರಸಾದ ಬ್ಯಾಡ್ರಿ. ಹೋದ ವರ್ಷ ಅದನ್ನ ತಿಂದ ದಿನಾನ ಕಾರ್ಕೊಂಡಿತ್ತು. ಅದರ ಹಿಂದಿನ ವರ್ಷಾನೂ ಹಂಗ ಆಗಿತ್ತು. ನಾ ನೋಡೀನ್ರಿ."

ವರ್ತಕನಿಗೆ ಮುಖಕ್ಕೆ ಹೊಡೆದಂತಾಯಿತು. "ಅಂದರ ದೇವರ ಪ್ರಸಾದ ವಿಷ, ನಿನ್ನ ತಂಗಳ ರೊಟ್ಟಿ ಅಮೃತ. ಹಂಗೇನು?"

"ಹಂಗ ಅಂದೆನೇನ್ರಿ ನಾನು. ನಾಯಿ ಹೊಟ್ಟಿ ನಾಯಿದು."

"ನಾಳೆಯಿಂದ ಪೂಜಾನೂ ನೀನ ಮಾಡು," ಎಂದ ವರ್ತಕ. ಪಕ್ಕದಲ್ಲಿದ್ದ ಹಮಾಲರು ನಕ್ಕರು. ಕಾವಲುಗಾರ ತಲೆ ತಗ್ಗಿಸಿ ಹೋದ.

ಆ ವರ್ಷ ಬೆಳೆ ಚೆನ್ನಾಗಿತ್ತು. ಮಾಲು ಉಗ್ರಾಣಕ್ಕೆ ಸಾಲದಷ್ಟು ಬಂದಿತ್ತು. ವರ್ತಕ ಸಂತೋಷದಿಂದ ಎಲ್ಲರಿಗೂ ಹಿಡಿತುಂಬ ಕೊಟ್ಟ. ಕಾವಲುಗಾರನ ಮಾತು ಇನ್ನೂ ಕಿವಿಯಲ್ಲಿ ಚುಚ್ಚುತ್ತಿದ್ದುದರಿಂದ ನಾಯಿಗೆ ಎರಡು ಹಿಡಿ ಕೊಟ್ಟ. ಅವನ ಕೈಯಿಂದ ಬಂದದ್ದನ್ನು ಅದು ಎಂದೂ ಬಿಟ್ಟಿರಲಿಲ್ಲ. ಅಂದೂ ಬಿಡಲಿಲ್ಲ.

ಸಂಜೆಗೆ ನಾಯಿ ಕಾರಿಕೊಂಡಿತು. ಮರುದಿನ ಏಳಲಿಲ್ಲ. ಮೂರನೆಯ ದಿನ ಅದರ ಮೂತ್ರ ಕಟ್ಟಿತು. ನಾಲ್ಕನೆಯ ದಿನ ಸತ್ತಿತು.

ವರ್ತಕ ಅತ್ತ. ಅತ್ತು ಮುಗಿದ ಮೇಲೆ, ಇದನ್ನು ಮಾಡಿದವರು ಯಾರು ಎಂದು ಯೋಚಿಸಿದ. ಬಟ್ಟಲಿಗೆ ಊಟ ಹಾಕುವ ಕೈ ಒಂದೇ. ಪ್ರಸಾದದ ಬಗ್ಗೆ ಕೆಟ್ಟ ಮಾತು ಆಡಿದ ನಾಲಿಗೆಯೂ ಒಂದೇ. ನಾಯಿ ಸಾಯುತ್ತದೆ ಎಂದು ಮೊದಲೇ ಗೊತ್ತಿದ್ದವನು ಮಾತ್ರ ಅಂಥ ಮಾತು ಆಡಬಲ್ಲ ಎಂದು ಅವನಿಗೆ ತೋರಿತು. ಅವನು ಹಮಾಲರನ್ನೂ ನೆರೆಯವರನ್ನೂ ಕರೆಸಿ ಕಾವಲುಗಾರನನ್ನು ನಡುವೆ ನಿಲ್ಲಿಸಿದ.

ಕಾವಲುಗಾರ ವಾದ ಮಾಡಲಿಲ್ಲ. ನಾಯಿ ಮುಟ್ಟದೆ ಬಿಟ್ಟಿದ್ದ ರೊಟ್ಟಿ ಮಜ್ಜಿಗೆಯೊಡನೆ ಹುಳಿತು ಬಟ್ಟಲಿನಲ್ಲಿಯೇ ಇತ್ತು. ಅವನು ನೆಲದ ಮೇಲೆ ಕುಳಿತು ಅದನ್ನು ಬೆರಳಿನಿಂದ ಬಳಿದು, ಕೊನೆಯ ತುತ್ತಿನವರೆಗೆ ಉಂಡ. ಬಟ್ಟಲನ್ನು ಬೋರಲು ಹಾಕಿದ. ಜನ ಮೂರು ದಿನ ಕಾದರು. ಅವನಿಗೆ ಏನೂ ಆಗಲಿಲ್ಲ.

ಅವನು ಸತ್ತಿದ್ದರೆ ವಿಷ ಹಾಕಿದ್ದು ನಿಜ ಎನ್ನುತ್ತಿದ್ದರು. ಬದುಕಿದ್ದರಿಂದ ಮಂತ್ರ ಬಲ್ಲವನು ಎಂದರು. ಹಾಕಿಸಿದವರು ಕಳ್ಳರೇ ಇರಬೇಕು ಎಂದೂ ಸೇರಿಸಿದರು. ವರ್ತಕ ಅವನನ್ನು ಕೆಲಸದಿಂದ ತೆಗೆದ. ಅವನ ಮಗಳ ನಿಶ್ಚಯ ಆಗಿದ್ದ ಮನೆಯವರು ಎಲೆ ಅಡಿಕೆ ಹಿಂದಿರುಗಿಸಿದರು. ವಿಷ ಹಾಕುವ ಕೈಯಲ್ಲಿ ಬೆಳೆದ ಹುಡುಗಿ ನಮ್ಮ ಒಲೆಯ ಮುಂದೆ ಬೇಡ ಎಂದರು. ಅವನು ಹೆಂಡತಿ ಮಗಳೊಡನೆ ಊರು ಬಿಟ್ಟು ಹನ್ನೆರಡು ಹರಿದಾರಿ ಆಚೆ ಬೇರೆಯವರ ಕುರಿ ಕಾಯಲು ಹೋದ.

ವರ್ತಕ ಇನ್ನೊಂದು ಮರಿ ತಂದ.

ಈ ಸಲ ಬೇರೆ ಕೈ ಬಟ್ಟಲನ್ನು ಮುಟ್ಟಬಾರದು ಎಂದು ನಿರ್ಧರಿಸಿದ. ನಾಯಿಗೆ ಯಾವ ಊಟ ಒಳ್ಳೆಯದು ಎಂದು ವೈದ್ಯನನ್ನು ಕರೆಸಿ ಕೇಳಿದ. ವೈದ್ಯ ಮನುಷ್ಯರ ವೈದ್ಯ. ಮಕ್ಕಳಿಗೂ ಬಾಣಂತಿಯರಿಗೂ ಹೇಳುವುದನ್ನೇ ಹೇಳಿದ: ಹಾಲು, ಮೆತ್ತನೆಯ ಅನ್ನ, ಹಸುವಿನ ತುಪ್ಪ, ಮೈಗೆ ಬಲ ಬರಲು ಒಳ್ಳೆಯ ಒಣಹಣ್ಣು. ವರ್ತಕ ಅದೆಲ್ಲವನ್ನೂ ತಾನೇ ಬಡಿಸುತ್ತಿದ್ದ. ಬಡಿಸುವ ಮೊದಲು ತಾನು ಒಂದು ತುತ್ತು ತಿನ್ನುತ್ತಿದ್ದ. ತಿಂದು, ಒಂದು ಗಳಿಗೆ ಕಾದು, ತನಗೇನೂ ಆಗಲಿಲ್ಲವೆಂದು ಖಚಿತವಾದ ಮೇಲೆಯೇ ಬಟ್ಟಲನ್ನು ಕೆಳಗಿಡುತ್ತಿದ್ದ. ಅರಸರ ಊಟಕ್ಕೂ ಅಷ್ಟು ಎಚ್ಚರ ಇರಲಿಲ್ಲ.

ಹೆಂಡತಿ ಒಮ್ಮೆ ಬಾಗಿಲಿಗೆ ಒರಗಿ ನಿಂತು ನೋಡಿದಳು. "ನನ್ನ ಕೈ ಅಡಗಿ ತಿನ್ನೂಮುಂದ ಒಂದ ದಿನಾನೂ ಹಿಂಗ ಕಾದಿಲ್ಲ ನೀವು," ಎಂದಳು.

"ನಿನ್ನ ಮ್ಯಾಲೆ ನಂಬಿಕಿ ಐತಿ."

"ಹಂಗಾದರ ನಾಯಿ ಪುಣ್ಯ ಮಾಡೈತಿ," ಎಂದು ಅವಳು ಒಳಗೆ ಹೋದಳು.

ಒಣದ್ರಾಕ್ಷಿಯನ್ನು ಮಾತ್ರ ಅವನು ಹಳೆಯ ಮಾಲಿನಿಂದ ಕೊಡಲಿಲ್ಲ. ಅದು ಮುದ್ದಿನ ನಾಯಿ. ಹೊಸ ಮಾಲು ಬರಲಿ ಎಂದು ಕಾದ. ಬೇಸಿಗೆ ಬಂತು. ಮೊದಲ ಚೀಲ ಬಿಚ್ಚಿದರು. ಪೂಜೆಯಾಯಿತು. ವರ್ತಕ ಬಂಗಾರದ ಬಣ್ಣದ ಕಾಳುಗಳನ್ನು ಒಂದೊಂದಾಗಿ ಆರಿಸಿ ತೊಟ್ಟು ತೆಗೆದ. ತಾನು ಒಂದು ಹಿಡಿ ತಿಂದ. ಕಾದ. ಏನೂ ಆಗಲಿಲ್ಲ. ಅಷ್ಟನ್ನೇ ನಾಯಿಯ ಮುಂದೆ ಹಿಡಿದ.

ನಾಯಿ ಮೂಸಿ ಮುಖ ತಿರುಗಿಸಿತು.

ಪ್ರಸಾದ ಬೇಡವೆನ್ನಬಾರದು ಎಂದು ಅವನು ಅದಕ್ಕೆ ಬುದ್ಧಿ ಹೇಳಿದ. ಕಾಳುಗಳನ್ನು ತುಪ್ಪದಲ್ಲಿ ಹುರಿದು ಅನ್ನದೊಳಗೆ ಕಲಸಿ, ಉಂಡೆ ಕಟ್ಟಿ, ಗದ್ದ ಹಿಡಿದು ಒಂದೊಂದೇ ತಿನ್ನಿಸಿದ. ತುಪ್ಪದ ರುಚಿಗೆ ನಾಯಿ ತಿಂದಿತು. ತಿಂದು ಅವನ ಕೈಯನ್ನು ನೆಕ್ಕಿತು. ಬಟ್ಟಲನ್ನು ತೊಳೆದವನೂ ಅವನೇ.

ಸಂಜೆಗೆ ನಾಯಿ ಕಾರಿಕೊಂಡಿತು.

ವರ್ತಕ ಮೊದಲು ಬಾಗಿಲ ಕಡೆ ನೋಡಿದ. ಯಾರು ಒಳಗೆ ಬಂದಿರಬಹುದು ಎಂದು ನೆನಪು ಮಾಡಿಕೊಂಡ. ಯಾರೂ ಬಂದಿರಲಿಲ್ಲ. ಹಾಲನ್ನು ಯಾರು ಕಾಯಿಸಿದರು? ಅವನೇ. ಅನ್ನವನ್ನು ಯಾರು ಬಸಿದರು? ಅವನೇ. ಬಾವಿಯ ನೀರನ್ನು ಕೂಡ ಅವನೇ ಸೇದಿದ್ದ. ಅವನು ಆ ದಿನವನ್ನು ಬೆಳಗಿನಿಂದ ಸಂಜೆಯವರೆಗೆ, ಸಂಜೆಯಿಂದ ಬೆಳಗಿನವರೆಗೆ ತಿರುವಿ ನೋಡಿದ. ಎಲ್ಲಿ ಹುಡುಕಿದರೂ ಒಂದೇ ಕೈ ಸಿಕ್ಕಿತು. ಅದು ಅವನ ತೊಡೆಯ ಮೇಲೆಯೇ ಇತ್ತು. ಬೆರಳುಗಳಲ್ಲಿ ಇನ್ನೂ ತುಪ್ಪದ ಜಿಡ್ಡಿತ್ತು.

ಅವನಿಗೆ ಅಳು ಬರಲಿಲ್ಲ. ಎರಡನೆಯ ದಿನ, ಮೂರನೆಯ ದಿನ ಏನಾಗುವುದೆಂದು ಅವನಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದಂತೆಯೇ ಆಯಿತು. ಅದರ ಮುಂದೆ ಕುಳಿತು ನೋಡುವುದನ್ನು ಬಿಟ್ಟು ಅವನಿಗೆ ಬೇರೆ ಕೆಲಸವಿರಲಿಲ್ಲ. ನಾಲ್ಕನೆಯ ದಿನ ನಾಯಿ ಅವನ ಮಡಿಲಲ್ಲಿ ಸತ್ತಿತು.

ಅದನ್ನು ಹೂಳಿ ಅವನು ಹಾಗೆಯೇ ನಡೆದ. ಹನ್ನೆರಡು ಹರಿದಾರಿ ನಡೆದು ಕಾವಲುಗಾರನನ್ನು ಕುರಿಗಳ ನಡುವೆ ಕಂಡ.

"ಅವತ್ತು ನೀ ಹೇಳಿದ್ದು ಖರೇ ಇತ್ತು," ಎಂದ ವರ್ತಕ. "ಇನ್ನೊಂದು ನಾಯಿ ಹೋತು. ಎಲ್ಲಾ ನಾನ ತಿಂದು ನೋಡಿ ಕೊಟ್ಟಿದ್ದೆ."

ಕಾವಲುಗಾರ ಗುಂಪು ಬಿಟ್ಟಿದ್ದ ಒಂದು ಕುರಿಯನ್ನು ಹಿಂಡಿಗೆ ತಿರುಗಿಸಿದ. ಬಳಿಕ ಕೇಳಿದ: "ತಿನ್ನೂಮುಂದ ನಾಯಿ ಏನು ಮಾಡ್ತು, ಸಾಹುಕಾರ್ರ?"

"ಮಾರಿ ತಿರುವಿತು."

"ನೀವು ನಿಮ್ಮ ನಾಲಿಗಿ ಕೇಳಿದ್ರಿ. ಅದರ ಮಾರಿ ನೋಡಲಿಲ್ಲ," ಎಂದ ಕಾವಲುಗಾರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ವರ್ತಕನಿಗೆ ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

"ಊರಿಗೆ ಬಾ," ಎಂದ ವರ್ತಕ.

"ಕೆಲಸ ಬ್ಯಾಡ್ರಿ ನನಗ. ನನ್ನ ಮಗಳು ಮನ್ಯಾಗ ಕುಂತಾಳ. ನನ್ನ ಕೈ ಚಲೋ ಐತಿ ಅಂತ ಊರ ಮುಂದ ಹೇಳ್ರಿ. ಅಷ್ಟ ಸಾಕು."

ವರ್ತಕ ಮಾತು ಕೊಟ್ಟ, ಮಾತಿನಂತೆ ನಡೆದ. ಮುಂದಿನ ಸಂತೆಯ ದಿನ ಚಾವಡಿಯ ಕಟ್ಟೆ ಹತ್ತಿ ನಿಂತ. ಎರಡು ನಾಯಿಗಳನ್ನೂ ಕೊಂದದ್ದು ತನ್ನ ಕೈ ಎಂದ. ಕಾವಲುಗಾರ ಹಾಕಿದ್ದು ಬರೀ ರೊಟ್ಟಿ, ತಾನು ಕೊಟ್ಟದ್ದು ಒಣದ್ರಾಕ್ಷಿ ಎಂದ. ಇನ್ನು ಮುಂದೆ ಯಾರೂ ಅದನ್ನು ನಾಯಿಗೆ ಹಾಕಬೇಡಿ ಎಂದು ಕೈ ಮುಗಿದು ಬೇಡಿಕೊಂಡ.

ಸಂತೆ ನಿಂತು ಕೇಳಿತು. ಹೆಂಗಸರು ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನುಷ್ಯ, ಆಳಿನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಎಂದರು. ಪಾಪ, ದುಃಖಕ್ಕೆ ಬುದ್ಧಿ ಕದಡಿದೆ ಎಂದು ಕೆಲವರು ಹೇಳಿದರು. ಅವನು ಮತ್ತೆ ಹೇಳಿದ. ಹೇಳಿದಷ್ಟೂ ಅವನ ಮೇಲಿನ ಗೌರವ ಹೆಚ್ಚಿತು. ಕೊನೆಗೆ ಅವನು ಹೇಳುವುದನ್ನು ಬಿಟ್ಟ, ವ್ಯಾಪಾರವನ್ನೂ ಬಿಟ್ಟ. ಕಾವಲುಗಾರನ ಮಗಳಿಗೆ ಆ ಸೀಮೆಯಲ್ಲಿ ಗಂಡು ಸಿಗಲಿಲ್ಲ.

ಅಜ್ಜನವರು ನೀರು ಕುಡಿದು ತಂಬಿಗೆಯನ್ನು ಪಕ್ಕಕ್ಕಿಟ್ಟರು.

"ಗುಡಿ ಕಟ್ಟಿದ್ದು ವರ್ತಕನಲ್ಲ, ತಂಗಿ; ಊರು. ಅವನ ಒಳ್ಳೆಯತನಕ್ಕೆ ಮೆಚ್ಚಿ ಕಟ್ಟಿತು. ಅಲ್ಲಿ ನಾಯಿಗೆ ಇಂದಿಗೂ ಏನು ಎಡೆ ಇಡುತ್ತಾರೆ, ಹೇಳು."

ನೀಲಾಂಬಿಕೆಗೆ ಗೊತ್ತಿತ್ತು. ಹೊಸ ಮಾಲು ಬಂದ ವಾರ ಊರಿನ ವರ್ತಕರೆಲ್ಲ ನಾಯಿಗುಡಿಗೆ ಒಣದ್ರಾಕ್ಷಿ ಒಯ್ಯುತ್ತಾರೆ. ಪೂಜೆಯಾದ ಮೇಲೆ ಅದನ್ನು ಕಲ್ಲಿನ ದೋಣಿಗೆ ಸುರಿಯುತ್ತಾರೆ. ಸುತ್ತಲಿನ ಬೀದಿನಾಯಿಗಳು ಕಾದು ನಿಂತಿರುತ್ತವೆ. ಪ್ರತಿ ವರ್ಷ ಆ ವಾರದಲ್ಲಿ ಎರಡೋ ಮೂರೋ ನಾಯಿಗಳು ಗುಡಿಯ ಹಿಂದೆ ಬಿದ್ದಿರುತ್ತವೆ. ಅವು ಒಡೆಯನ ಪಾದ ಸೇರಿದವು ಎಂದು ಜನ ಅವುಗಳಿಗೂ ಕೈ ಮುಗಿಯುತ್ತಾರೆ. ಅಜ್ಜಿ ಅವಳ ಪುಟ್ಟ ಬೊಗಸೆ ತುಂಬಿಸಿ, ನಿಧಾನವಾಗಿ ಸುರಿ, ಚೆಲ್ಲಬೇಡ ಎಂದು ಹೇಳಿದ್ದಳು. ಒಂದು ಕಂದು ನಾಯಿ ಅವಳ ಕೈಯಿಂದಲೇ ತಿಂದಿತ್ತು.

ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

"ಅವನು ಅಷ್ಟು ಸ್ಪಷ್ಟವಾಗಿ ಹೇಳಿದ್ದ. ಊರಿನಲ್ಲಿ ಒಬ್ಬರಾದರೂ ಏಕೆ ಕೇಳಿಸಿಕೊಳ್ಳಲಿಲ್ಲ?"

"ಊರಿಗೆ ವಿಷ ಹಾಕಿದವನು ಬೇಕಾಗಿದ್ದ, ತಂಗಿ, ವಿಷ ಯಾವುದು ಎಂಬುದು ಬೇಕಾಗಿರಲಿಲ್ಲ," ಎಂದರು ಅಜ್ಜನವರು.

ನೀಲಾಂಬಿಕೆ ನಮಸ್ಕರಿಸಿ ಎದ್ದಳು.

ಮುಂದಿನ ವಾರ ಅವಳು ಪಶುವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಮೂರು ಪುಸ್ತಕಗಳನ್ನು ತೆಗೆಸಿ ಓದಿದಳು. ಓದಿದ್ದನ್ನು ಅಲ್ಲಿನ ವೈದ್ಯರ ಮುಂದೆ ಮತ್ತೊಮ್ಮೆ ಇಟ್ಟು ಕೇಳಿದಳು. ದ್ರಾಕ್ಷಿ, ಹಸಿಯದಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ತಿಂದ ದಿನವೇ ವಾಂತಿಯಾಗುತ್ತದೆ. ಎರಡು ಮೂರು ದಿನಗಳಲ್ಲಿ ಮೂತ್ರ ನಿಲ್ಲಬಹುದು. ಒಂದು ನಾಯಿ ಹಿಡಿಯಷ್ಟು ತಿಂದೂ ಬದುಕೀತು. ಇನ್ನೊಂದು ಕೆಲವೇ ಕಾಳುಗಳಿಗೆ ಸತ್ತೀತು. ನಾಯಿಗೆ ಇಷ್ಟು ಕೊಟ್ಟರೆ ಅಪಾಯವಿಲ್ಲ ಎಂಬ ಅಳತೆ ಆ ಮೂರು ಪುಸ್ತಕಗಳಲ್ಲಿ ಒಂದರಲ್ಲೂ ಇರಲಿಲ್ಲ.