ಹುಳುಮನೆಯ ಹೀಟರೂ ಫ್ಯಾನೂ

ರೇಷ್ಮೆಹುಳು ಸಾಕುವ ಮನೆಯೊಂದರಲ್ಲಿ ಒಂದು ಹೀಟರೂ ನೀರು ಸಿಂಪಡಿಸುವ ಒಂದು ಫ್ಯಾನೂ ಇದ್ದವು. ಹೀಟರು ಕಾಯಿಸಿದಷ್ಟೂ ಗಾಳಿ ಒಣಗುತ್ತಿತ್ತು. ಒಣಗಿತೆಂದು ಫ್ಯಾನು ನೀರೆರಚಿದಷ್ಟೂ ಮನೆ ತಣ್ಣಗಾಗುತ್ತಿತ್ತು. ಎರಡೂ ಹಟಕ್ಕೆ ಬಿದ್ದು ಜೋರು ಮಾಡಿದವು. ಹುಳುಗಳು ಸೊಪ್ಪು ಮುಟ್ಟದೆ ಮುದುಡಿಕೊಂಡವು.

“ನನ್ನ ಕೆಲಸವನ್ನೆಲ್ಲ ಕೆಡಿಸುತ್ತಿದ್ದೀಯಲ್ಲ!” ಎಂದು ಹೀಟರು ಸಿಡುಕಿತು.

“ನಾನೂ ಅದನ್ನೇ ಹೇಳಬೇಕೆಂದಿದ್ದೆ, ಅಣ್ಣಾ. ಹುಳುಗಳು ಸತ್ತಾವೆಂದು ಭಯವಾಗುತ್ತಿದೆ,” ಎಂದಿತು ಫ್ಯಾನು.

ಹೀಟರು ಸಿಡುಕು ಬಿಟ್ಟು ಫ್ಯಾನಿನತ್ತ ನೋಡಿತು. ಪಾಪ, ಇದೂ ತನ್ನಂತೆಯೇ ಹುಳುಗಳಿಗಾಗಿ ದಣಿದಿದೆ!

“ತಮ್ಮಾ, ನೀನು ಚುರುಕಿನವನು. ಮೊದಲು ನೀನು ಸ್ವಲ್ಪ ಸಿಂಪಡಿಸಿ ನಿಲ್ಲು. ಆಮೇಲೆ ಎಷ್ಟು ಚಳಿ ಉಳಿದಿದೆಯೆಂದು ನೋಡಿಕೊಂಡು ನಾನು ನಿಧಾನವಾಗಿ ಕಾಯಿಸುತ್ತೇನೆ.”

ಹಾಗೆಯೇ ಮಾಡಿದವು. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಮನೆ ತುಂಬಿತು. ಇನ್ನಷ್ಟು ಕಾಯಿಸುವ ಆಸೆಯನ್ನು ತಡೆದುಕೊಂಡು ಹೀಟರು ಸುಮ್ಮನೆ ಕೇಳುತ್ತ ಕೂತಿತು.