ಬಿಸಿನೀರು ಕೇಳಿದ ಕಾಡುಮೈನಾ

"ಮತ್ತೆ ಕೆಡಿಸಿತು, ಗುರುಗಳೇ. ಹದಿನೆಂಟು ದಿನದ ಮೌನ ಹೊಳೆಪಾಲಾಯಿತು," ಎಂದಳು ದಾಕ್ಷಾಯಿಣಿ.

"ಯಾರು ಕೆಡಿಸಿದ್ದು?"

"ಇನ್ಯಾರು? ನೀವು ಮುದ್ದು ಮಾಡುವ ಆ ಕಾಡುಮೈನಾ."

ಯಾರೋ ಅದನ್ನು ಕದ್ದು ಮಾರುವಾಗ ಫಾರೆಸ್ಟ್ ಗಾರ್ಡ್ ಹಿಡಿದು, ಪಂಜರದ ಸಮೇತ ಹೊಳೆದಂಡೆಯ ಆಶ್ರಮದಲ್ಲಿ ಬಿಟ್ಟುಹೋಗಿದ್ದ. ತಿಂಗಳೊಪ್ಪತ್ತಿನಲ್ಲಿ ಅದು ಗುರುಗಳ ದನಿ ಕಲಿಯಿತು. "ದಾಕ್ಷೀ, ಬಿಸಿನೀರು ಕಾಯ್ತಾ?" ಎನ್ನುವುದು, ಥೇಟ್ ಅವರದೇ ಕೆಮ್ಮು ಸೇರಿಸಿ. ಒಲೆಯ ಮುಂದಿದ್ದ ಇವಳು "ಹೂಂ, ಬನ್ನಿ" ಎಂದುಬಿಡುವುದು. ಇದು ಮೂರನೇ ಸಲ.

ಇಪ್ಪತ್ತೊಂದು ದಿನ ಮಾತಿಲ್ಲದೆ ಕಳೆದರೆ ದೀಕ್ಷೆ. ಒಂದು ಮಾತು ಬಿದ್ದರೂ ಮತ್ತೆ ಮೊದಲಿಂದ.

"ಹಕ್ಕಿ ಕೇಳಿತು. ನೀನೇಕೆ ಉತ್ತರ ಕೊಟ್ಟೆ?"

"ನಿಜಕ್ಕೂ ನೀವೇ ಕೇಳಿದ್ದರೆ? ತಣ್ಣೀರು ಮಿಂದು ನಿಮಗೆ ಶೀತವಾದರೆ ಕಷಾಯ ಕುದಿಸುವವಳೂ ನಾನೇ ಅಲ್ಲವೇ?"

ಗುರುಗಳು ನಕ್ಕರು. "ಹಾಗಾದರೆ ಅದನ್ನು ಕಾಡಿಗೆ ಬಿಟ್ಟು ಬಾ. ಮೌನ ಈಗಿನಿಂದಲೇ ಶುರು."

ದಾಕ್ಷಾಯಿಣಿ ಬಾಯಿ ತೆರೆದಳು. ಮುಚ್ಚಿದಳು. ಪಂಜರ ಎತ್ತಿಕೊಂಡು ಹೊರಟಳು.

ಬಂದದ್ದು ಇಪ್ಪತ್ತೆರಡನೇ ದಿನ. ಕೈಯಲ್ಲಿ ಖಾಲಿ ಪಂಜರ.

"ಬಿಟ್ಟೆಯಾ?"

ಇಪ್ಪತ್ತೊಂದು ದಿನದ ಮಾತು ಒಟ್ಟಿಗೇ ನುಗ್ಗಿತು.

"ಸುಲಭಕ್ಕೆ ಹೋಗುವ ಜಾತಿಯೇ ಅದು? ಮೊದಲ ಗುಡ್ಡದಲ್ಲಿ ಬಾಗಿಲು ತೆಗೆದೆ. ಅತ್ತಿಮರದ ತುಂಬ ಇದರಂಥವೇ. ಅದೇ ಕರಿ ಮೈ, ಕತ್ತಿನ ಹಿಂದೆ ಅದೇ ಹಳದಿ ಜೋಲು. ಇದು ನಡುವೆ ಹೋಗಿ ಕೂತು, 'ಬಿಸಿನೀರು ಕಾಯ್ತಾ?' ಎಂದಿತು. ಎಲ್ಲ ಹಾರಿಹೋದವು. ಇದು ವಾಪಸ್ ನನ್ನ ಹೆಗಲಿಗೆ."

"ಆಮೇಲೆ?"

"ಕಣಿವೆ ದಾಟಿದೆ. ಅಲ್ಲಿನವುಗಳ ಸಿಳ್ಳೆಯೇ ಬೇರೆ. ಇಲ್ಲಿಯವು ಎಳೆದು ಕೂಗಿದರೆ ಅಲ್ಲಿಯವು ತುಂಡು ತುಂಡು. ಕಣಿವೆಗೊಂದು ಸಿಳ್ಳೆ, ಗುರುಗಳೇ. ಇದಕ್ಕೆ ಒಂದೂ ಬಾರದು."

"ನೀನು ಎಲ್ಲಿದ್ದೆ?"

"ಜೇನು ಕೀಳುವವರ ಗುಡಿಸಲಲ್ಲಿ. ಮೂಗಿ ಎಂದು ಮರುಗಿ ದಿನಾ ಎರಡು ಸೌಟು ಗಂಜಿ ಹೆಚ್ಚು ಬಡಿಸಿದರು. ಮಾತಾಡಿದ್ದರೆ ಅರ್ಧ ಸೌಟೂ ಬೀಳುತ್ತಿರಲಿಲ್ಲ."

"ಅಂದರೆ ಮಾತಾಡಲೇ ಇಲ್ಲ?"

ದಾಕ್ಷಾಯಿಣಿ ಪಂಜರ ಕೆಳಗಿಟ್ಟಳು.

"ಮಾತಾಡಲಿಲ್ಲ. ಸಿಳ್ಳೆ ಹೊಡೆದೆ."

"ಸಿಳ್ಳೆ."

"ಕಲಿಸುವವರು ಯಾರಾದರೂ ಬೇಡವೇ? ಅಲ್ಲಿಯವುಗಳದ್ದು ಕೇಳಿ ಕೇಳಿ, ಬೆಳಿಗ್ಗೆಯಿಂದ ಸಂಜೆವರೆಗೆ ನಾನೇ ಹೊಡೆದೆ. ತುಟಿ ಊದಿಹೋಯಿತು. ಹನ್ನೆರಡನೇ ದಿನ ಇದೂ ಹೊಡೆಯಿತು. ಹದಿನೈದನೇ ದಿನ ಮರದ ಮೇಲಿಂದ ಉತ್ತರ ಬಂತು. ಇದು ಹೋಗದೆ ನನ್ನ ಮುಖವನ್ನೇ ನೋಡಿತು. ನಾನು ಇನ್ನೊಂದು ಸಲ ಹೊಡೆದೆ. ಎದ್ದು ಹೋಯಿತು, ತಿರುಗಿ ಕೂಡ ನೋಡಲಿಲ್ಲ."

ಗುರುಗಳು ಖಾಲಿ ಪಂಜರದ ಬಾಗಿಲನ್ನು ಮೆಲ್ಲಗೆ ತೆರೆದು ಮುಚ್ಚಿದರು. ಅವಳಿಗೆ ತಡೆಯಲಾಗಲಿಲ್ಲ.

"ಸಿಳ್ಳೆ ಮಾತಲ್ಲ ತಾನೇ? ದೀಕ್ಷೆ ಉಂಟೋ ಇಲ್ಲವೋ, ಹೇಳಿಬಿಡಿ."

"ಹೇಳುತ್ತೇನೆ. ಮೊದಲು ನೀನು ಹೇಳು, ದಾಕ್ಷೀ. ಆ ಕೊನೆಯ ಸಿಳ್ಳೆಯಲ್ಲಿ ಅದಕ್ಕೆ ಏನೆಂದೆ?"